ಹಳೆಯ ಶೈಲಿಯ ರೋಲ್‌ಪ್ಲೇಯಿಂಗ್ ಆಟಗಳನ್ನು ಈಗಲೂ ಆಡುವುದೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಎರಡು ವರ್ಷಗಳಿಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನು ಆಡುತ್ತಿದ್ದೀರಿ; ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳಗಳಿಂದ ಸಾಹಸದ ಕಥೆ ಕಟ್ಟುವ ಆಟ ಅದು. ಪಾತ್ರಗಳು ಬೇಗ ಸಾಯುವ, ನಿಯಮಗಳು ಅರೆಬರೆಯಾಗಿರುವ ನಲವತ್ತು ವರ್ಷ ಹಿಂದಿನ ಆಟವನ್ನು ಕೆಲವರು ಈಗಲೂ ಹುಡುಕಿಕೊಂಡು ಹೋಗಿ ಆಡುವುದು ಬಾಲ್ಯದ ನೆನಪಿನ ಮೋಹದಿಂದಲೇ, ಅಥವಾ ಅದರಲ್ಲಿ ಬೇರೇನಾದರೂ ಇದೆಯೇ ಎಂದು ಕೇಳಿದ್ದೀರಿ.

ನೆನಪಿನ ಮೋಹ ಎಂಬ ಉತ್ತರ ನನಗಂತೂ ಹೊಂದುವುದಿಲ್ಲ. ನಾನು ಬೆಳೆದದ್ದು ಉಡುಪಿಯಲ್ಲಿ. ಆಟಿ ತಿಂಗಳ ಮಳೆಗೆ ನಮ್ಮ ಮನೆಯಲ್ಲಿ ಅಟ್ಟದಿಂದ ಇಳಿಯುತ್ತಿದ್ದದ್ದು ಚೆನ್ನೆಮಣೆಯೇ ಹೊರತು ಇಪ್ಪತ್ತು ಮುಖದ ದಾಳವಲ್ಲ. ಮಣಿಪಾಲದಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯರ ಜೊತೆ ನಾನು ಮೊದಲು ಆಡಿದ್ದು ನೀವು ಆಡುತ್ತಿರುವ ಐದನೇ ಆವೃತ್ತಿಯನ್ನೇ. ಹಳೆಯ ನಿಯಮಗಳು ನನ್ನ ಕೈಗೆ ಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಹೊಸದನ್ನು ಚೆನ್ನಾಗಿ ಆಡಿ, ಇಷ್ಟಪಟ್ಟು, ಅನಂತರ ಹಳೆಯದರ ಕಡೆಗೆ ಹೋದವನು ನಾನು. ಯಾಕೆ ಹೋದೆ ಎಂಬುದನ್ನು ಒಂದು ಸಂಜೆಯ ಪ್ರಸಂಗದಿಂದಲೇ ಹೇಳಿಬಿಡುತ್ತೇನೆ.

ಜುಲೈ ತಿಂಗಳ ಒಂದು ಭಾನುವಾರ, ನಮ್ಮ ಮನೆಯ ಮಹಡಿಯಲ್ಲಿ ನಾಲ್ವರು ಆಡುತ್ತಿದ್ದರು; ನಾನು ಡಂಜನ್ ಮಾಸ್ಟರ್, ಅಂದರೆ ಆಟದ ಲೋಕವನ್ನು ವರ್ಣಿಸಿ ತೀರ್ಪು ಹೇಳುವವನು. ಒಬ್ಬರು ಬರಲಾಗದೆ ಜಾಗ ಖಾಲಿ ಇದ್ದುದರಿಂದ, ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದ ನನ್ನ ಚಿಕ್ಕಮ್ಮ ಬಂದು ಕುಳಿತರು. ಆರು ಮುಖದ ಮೂರು ದಾಳಗಳನ್ನು ಆರು ಸಲ ಉರುಳಿಸಿ, ಬಂದ ಅಂಕಗಳನ್ನು ಬಂದ ಕ್ರಮದಲ್ಲೇ ಬರೆದುಕೊಂಡು ಹತ್ತು ನಿಮಿಷದಲ್ಲಿ ಪಾತ್ರ ಸಿದ್ಧವಾಯಿತು: ಮಂತ್ರವಾದಿ, ಹಿಟ್ ಪಾಯಿಂಟ್ (ಪೆಟ್ಟು ತಾಳುವ ಜೀವಬಲದ ಅಂಕ) ಎರಡು, ದಿನಕ್ಕೆ ಒಂದೇ ಮಂತ್ರ. ಆ ಮಂತ್ರವನ್ನೂ ಅವರು ಮೊದಲ ಅರ್ಧ ಗಂಟೆಯಲ್ಲೇ ಬಳಸಿಬಿಟ್ಟರು. ಮುಂದೆ ತಂಡ ಮುರಕಲ್ಲಿನ ಒಂದು ಕೋಣೆಗೆ ಬಂತು. ಬಂದ ಬಾಗಿಲನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಹಿಂದಿನಿಂದ ಕಾವಲುಗಾರರ ಸದ್ದು. ಉಳಿದವರೆಲ್ಲ ತಮ್ಮ ಪಾತ್ರದ ವಿವರ ಬರೆದ ಹಾಳೆಯ, ಅಂದರೆ ಕ್ಯಾರೆಕ್ಟರ್ ಶೀಟಿನ ಮೇಲೆ ಕಣ್ಣಾಡಿಸುತ್ತಿದ್ದಾಗ ಚಿಕ್ಕಮ್ಮ ಕೇಳಿದ ಪ್ರಶ್ನೆ: "ಕೋಣೆಯಲ್ಲಿ ಗಾಳಿ ಆಡುತ್ತದೆಯೋ?" ಸ್ವಲ್ಪ ಆಡುತ್ತದೆ ಎಂದೆ. "ಹಾಗಾದರೆ ಊದುಬತ್ತಿ ಹಚ್ಚಿ ಗೋಡೆಯ ಉದ್ದಕ್ಕೂ ಹಿಡಿದುಕೊಂಡು ಹೋಗುತ್ತೇನೆ. ಹೊಗೆ ಎಲ್ಲಿ ನೆಟ್ಟಗೆ ಏಳುವುದಿಲ್ಲವೋ ಅಲ್ಲಿ ಹೇಳು." ದೇವರ ಕೋಣೆಯ ದೀಪ ಎತ್ತ ವಾಲುತ್ತದೆ ಎಂದು ನೋಡಿ, ಮನೆಯ ಯಾವ ಕಿಟಕಿಗೆ ಅಗುಳಿ ಹಾಕಿಲ್ಲ ಎಂದು ಹೇಳಬಲ್ಲವರು ಅವರು. ಬಡಗಣ ಗೋಡೆಯ ಮೂರನೆಯ ಕಲ್ಲಿನ ಬಳಿ ಹೊಗೆ ಒಳಕ್ಕೆ ಎಳೆದುಕೊಂಡು ಹೋಯಿತು ಎಂದು ನಾನು ಹೇಳಿದೆ. ಗುಪ್ತದ್ವಾರ ಸಿಕ್ಕಿತು. ಯಾರೂ ದಾಳ ಎತ್ತಲಿಲ್ಲ.

ನಾವು ಬಳಸುತ್ತಿದ್ದ, ಇದೇ ಆಟದ 1981ರ 'ಬೇಸಿಕ್' ಎಂಬ ಹಳೆಯ ಆವೃತ್ತಿಯ ನಿಯಮಗಳಲ್ಲೂ ಗುಪ್ತದ್ವಾರ ಹುಡುಕಲು ಆರರಲ್ಲಿ ಒಂದು ಸಾಧ್ಯತೆಯ ದಾಳವಿದೆ, ಅದನ್ನು ಮರೆಮಾಚುವುದಿಲ್ಲ. ಹೊಸ ಆಟದಲ್ಲೂ ವಿವೇಕಿಯಾದ ಡಂಜನ್ ಮಾಸ್ಟರ್ ಆ ಊದುಬತ್ತಿಯನ್ನು ಒಪ್ಪುತ್ತಾರೆ. ಆದರೆ ಹೊಸ ಆಟದಲ್ಲಿ ಆಟಗಾರನ ಮುಂದಿರುವ ಹಾಳೆಯಲ್ಲಿ ಪರ್ಸೆಪ್ಷನ್ (ಗ್ರಹಿಕೆ), ಇನ್ವೆಸ್ಟಿಗೇಷನ್ (ಶೋಧನೆ), ಪರ್ಸುಯೇಷನ್ (ಮನವೊಲಿಕೆ) ಎಂದು ಹದಿನೆಂಟು ಕೌಶಲಗಳು ಅಚ್ಚಾಗಿರುತ್ತವೆ. ಕಷ್ಟ ಬಂದೊಡನೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. "ನಾನು ಇನ್ವೆಸ್ಟಿಗೇಷನ್ ಉರುಳಿಸುತ್ತೇನೆ" ಎಂದವನು ಕೋಣೆಯನ್ನು ಕಲ್ಪಿಸಿಕೊಳ್ಳಬೇಕಾಗಿಯೇ ಇಲ್ಲ. ಹಳೆಯ ಹಾಳೆಯಲ್ಲಿ ಹುಡುಕಲು ಹೆಚ್ಚೇನೂ ಇಲ್ಲದಿರುವುದರಿಂದ ಕಣ್ಣು ಕೋಣೆಯ ಕಡೆಗೇ ತಿರುಗಬೇಕಾಗುತ್ತದೆ. ನಿಮಗೆ ಅರೆಬರೆ ಎನಿಸಿದ ನಿಯಮಗಳು ಬಿಟ್ಟ ಆ ಖಾಲಿ ಜಾಗದಲ್ಲೇ ಚಿಕ್ಕಮ್ಮನ ಅರವತ್ತು ವರ್ಷದ ಲೋಕಾನುಭವಕ್ಕೆ ಸ್ಥಾನ ದೊರೆಯಿತು.

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಆಟ 1974ರಲ್ಲಿ ಮೂರು ಪುಟ್ಟ ಪುಸ್ತಿಕೆಗಳಾಗಿ ಹೊರಬಂದಾಗ ಅದರಲ್ಲಿ ಹೋರಾಟಗಾರ, ಮಂತ್ರವಾದಿ, ಪುರೋಹಿತ ಎಂಬ ಮೂರೇ ಪಾತ್ರವರ್ಗಗಳಿದ್ದವು, ಕಳ್ಳ ಇರಲಿಲ್ಲ. ಬೋನನ್ನು ಪತ್ತೆಹಚ್ಚುವುದು, ಸದ್ದಿಲ್ಲದೆ ನಡೆಯುವುದು ಎಲ್ಲರ ಕೆಲಸವೂ ಆಗಿತ್ತು, ಮತ್ತು ಅದನ್ನು ಬಾಯಿಬಿಟ್ಟು ವಿವರಿಸಬೇಕಿತ್ತು. 1975ರ ಪುರವಣಿಯಲ್ಲಿ ಕಳ್ಳನ ವರ್ಗ ಬಂದು, ಅಂಥ ಕೆಲಸಗಳಿಗೆ ಶೇಕಡಾವಾರು ಅಂಕಗಳು ಸಿಕ್ಕವು. ಅಲ್ಲಿಂದಲೇ ಉತ್ತರ ಆಟಗಾರನ ತಲೆಯಿಂದ ಹಾಳೆಯ ಕಡೆಗೆ ಸರಿಯತೊಡಗಿತು ಎಂದು ಹಳೆಯ ಶೈಲಿಯ ಅನೇಕರು ವಾದಿಸುತ್ತಾರೆ. ನನಗೂ ಅದು ಸರಿ ಎನಿಸುತ್ತದೆ. 2000ದ ಮೂರನೇ ಆವೃತ್ತಿ ಎಲ್ಲ ವರ್ಗಗಳಿಗೂ ಕೌಶಲಗಳ ಉದ್ದ ಪಟ್ಟಿ ಕೊಟ್ಟಾಗ ಆ ಸ್ಥಳಾಂತರ ಬಹುಮಟ್ಟಿಗೆ ಮುಗಿದಿತ್ತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ತಾಳಮದ್ದಲೆಗಿಂತ ಹತ್ತಿರದ ಹೋಲಿಕೆ ನನಗೆ ತೋರುವುದಿಲ್ಲ. ಯಕ್ಷಗಾನದ ಆಟದಲ್ಲಿ ವೇಷವಿದೆ, ಕಿರೀಟವಿದೆ, ಕುಣಿತವಿದೆ. ತಾಳಮದ್ದಲೆಯ ಕೂಟದಲ್ಲಿ ಪಂಚೆ ಉಟ್ಟು ಕುಳಿತ ಅರ್ಥಧಾರಿಗೆ ಮಾತಲ್ಲದೆ ಬೇರೆ ಆಸರೆಯಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಎದುರಾಳಿ ಯಾವ ಪ್ರಶ್ನೆ ಎಸೆಯುತ್ತಾನೆ ಎಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಹಳೆಯ ಶೈಲಿಯ ಮೇಜಿನ ಸುತ್ತ ಕುಳಿತಾಗ ನನಗೆ ಆ ಕೂಟದ ಎಚ್ಚರವೇ ಅನುಭವಕ್ಕೆ ಬರುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು. ವಾಲಿವಧೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಅವನು ಬಾಣಕ್ಕೆ ಬಿದ್ದವನೇ, ಪ್ರಸಂಗ ಬದಲಾಗುವುದಿಲ್ಲ. ಈಚಿನ ಅನೇಕ ಸಿದ್ಧ ಸಾಹಸಕಥೆಗಳು ಹಾಗಿವೆ, ಅಧ್ಯಾಯದಿಂದ ಅಧ್ಯಾಯಕ್ಕೆ ಮೊದಲೇ ಹೆಣೆದಿಟ್ಟ ಕಥೆ. ಹಳೆಯ ಮೇಜಿನಲ್ಲಿ ವಾಲಿ ಮಾತಿನಲ್ಲಿ ಗೆದ್ದರೆ ಕಥೆಯೇ ಬೇರೆ ದಾರಿ ಹಿಡಿಯುತ್ತದೆ.

ಇನ್ನು ಸಾವಿನ ವಿಷಯ. ಬೇಸಿಕ್ ನಿಯಮಗಳಲ್ಲಿ ಹಿಟ್ ಪಾಯಿಂಟ್ ಸೊನ್ನೆಗೆ ಇಳಿದರೆ ಪಾತ್ರ ಸತ್ತಿತು. ಐದನೇ ಆವೃತ್ತಿಯಲ್ಲಿ ಸೊನ್ನೆಗೆ ಇಳಿದವನು ಸಾಮಾನ್ಯವಾಗಿ ಮೂರ್ಛೆ ಹೋಗುತ್ತಾನೆ, ಮೂರು ಸಲ ಗೆಲ್ಲುವವರೆಗೆ ಅಥವಾ ಮೂರು ಸಲ ಸೋಲುವವರೆಗೆ ದಾಳ ಉರುಳಿಸುತ್ತಾನೆ, ಬದುಕಿಕೊಂಡು ರಾತ್ರಿ ಪೂರ್ತಿ ವಿಶ್ರಮಿಸಿದರೆ ಎಲ್ಲ ಹಿಟ್ ಪಾಯಿಂಟ್‌ಗಳೂ ಮರಳುತ್ತವೆ. ಹಳೆಯದರಲ್ಲಿ ಇಡೀ ದಿನ ಮಲಗಿದರೆ ಮರಳುವುದು ಒಂದರಿಂದ ಮೂರು. ಇದನ್ನು ಕ್ರೌರ್ಯವೆಂದು ಭಾವಿಸುವವರು ಅದರ ಜೊತೆಗಿರುವ ಇನ್ನೆರಡು ನಿಯಮಗಳನ್ನು ಗಮನಿಸಿರುವುದಿಲ್ಲ.

ಮೊದಲನೆಯದು, ಪಾತ್ರವನ್ನು ಹಂತ ಹಂತವಾಗಿ ಬಲಪಡಿಸುವ ಅನುಭವದ ಅಂಕಗಳ ಲೆಕ್ಕ. ಹೋರಾಟಗಾರ ಎರಡನೇ ಹಂತಕ್ಕೇರಲು 2,000 ಅಂಕ ಬೇಕು. ಗಾಬ್ಲಿನ್ ಎಂಬ ಒಂದು ಕುಳ್ಳ ರಾಕ್ಷಸನನ್ನು ಕೊಂದರೆ ಸಿಗುವುದು 5. ಆದರೆ ಹೊರಕ್ಕೆ ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದು ಅಂಕ. ಅಂದರೆ ಬರಿಯ ಹೊಡೆದಾಟದಿಂದ ಮೇಲೇರಲು ಒಬ್ಬನೇ 400 ಗಾಬ್ಲಿನ್‌ಗಳನ್ನು ಕೊಲ್ಲಬೇಕು. ಅವುಗಳ ಕಣ್ಣು ತಪ್ಪಿಸಿ ಪೆಟ್ಟಿಗೆ ಹೊತ್ತು ಬಂದರೆ ಒಂದೇ ಸಂಜೆ ಸಾಕಾಗಬಹುದು. ಎರಡನೆಯದು, ಎದುರಾದ ಜೀವಿ ಹೇಗೆ ವರ್ತಿಸುತ್ತದೆ ಎಂಬುದನ್ನು ತೀರ್ಮಾನಿಸುವ ಎರಡು ದಾಳಗಳು. ಮೊತ್ತ 2 ಬಂದರೆ ಕೂಡಲೇ ಆಕ್ರಮಣ, 12 ಬಂದರೆ ಉತ್ಸಾಹದ ಸ್ನೇಹ. 2 ಬರುವ ಸಾಧ್ಯತೆ 36ರಲ್ಲಿ ಒಂದು ಮಾತ್ರ. ನಡುವಿನ ಅಂಕಗಳೇ ಹೆಚ್ಚು ಬರುತ್ತವೆ, ಮತ್ತು ನಡುವಿನ ಅಂಕವೆಂದರೆ ಎದುರಿನವನೂ ಏನು ಮಾಡುವುದೆಂದು ತೋಚದೆ ನಿಂತಿದ್ದಾನೆ ಎಂದರ್ಥ. ಆಗ ಮಾತಾಡಬಹುದು, ಲಂಚ ಕೊಡಬಹುದು, ಸುಳ್ಳು ಹೇಳಬಹುದು, ಓಡಬಹುದು. ಸಾವು ಹತ್ತಿರವಿರುವುದರಿಂದ ಕತ್ತಿ ಕೊನೆಯ ಉಪಾಯವಾಗುತ್ತದೆ. ಎರಡು ಹಿಟ್ ಪಾಯಿಂಟಿನ ಚಿಕ್ಕಮ್ಮ ಮೂರು ಸಂಜೆ ಬದುಕಿದ್ದು ಹೀಗೆ. ನಾಲ್ಕನೆಯ ಸಂಜೆ, ಬೇಡವೆಂದು ಎಲ್ಲರೂ ಹೇಳಿದರೂ ಒಂದು ಹುತ್ತಕ್ಕೆ ಕೈ ಹಾಕಿ ಸತ್ತರು. ಮೇಜಿನ ಸುತ್ತ ಒಂದು ಕ್ಷಣ ನಿಜವಾದ ಮೌನ ಕವಿಯಿತು. ಐದನೇ ಆವೃತ್ತಿಯನ್ನು ಆಡಿದ ಅಷ್ಟೂ ವರ್ಷಗಳಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ.

ಬೆಳಕಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ನನಗೆ ಅದು ತುಂಬ ಪ್ರಿಯವಾದ ಭಾಗ. ಹಳೆಯ ಆಟದಲ್ಲಿ ಕಾಲವನ್ನು ಹತ್ತು ಹತ್ತು ನಿಮಿಷದ ಸರದಿಗಳಾಗಿ ಎಣಿಸುತ್ತಾರೆ. ಒಂದು ದೊಂದಿ ಆರು ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ಅಲೆಮಾರಿ ಜೀವಿ ಬಂತೇ ಎಂದು ದಾಳ ಉರುಳಿಸಬೇಕು. ಹಾಗಾಗಿ ಗೋಡೆ ತಟ್ಟಿ ನೋಡುವುದಕ್ಕೂ ಬೆಲೆಯಿದೆ. ಐದನೇ ಆವೃತ್ತಿಯಲ್ಲಿ ಬೆಳಕಿನ ಮಂತ್ರವನ್ನು ಎಷ್ಟು ಸಲ ಬೇಕಾದರೂ ಹಾಕಬಹುದು, ಅನೇಕ ಕುಲಗಳ ಪಾತ್ರಗಳಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ. ಕತ್ತಲು ಅಲ್ಲಿ ಬಹುಮಟ್ಟಿಗೆ ವರ್ಣನೆ ಮಾತ್ರ. ಮಳೆಗಾಲದಲ್ಲಿ ಕರೆಂಟು ಹೋಗಿ, ಒಂದೇ ಮೊಂಬತ್ತಿಯ ಸುತ್ತ ಕುಳಿತು ಕೊನೆಯ ದೊಂದಿಯ ಸರದಿಗಳನ್ನು ಎಣಿಸಿದವರಿಗೆ ಈ ನಿಯಮ ಎಷ್ಟು ಸರಿಯಾದದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಹೊಸ ಆಟವನ್ನು ನಾನು ಬಿಟ್ಟಿಲ್ಲ. ಒಂದೇ ಪಾತ್ರದ ಜೊತೆ ಎರಡು ವರ್ಷ ಬಾಳಬೇಕು, ಅವಳ ಊರು, ದ್ವೇಷ, ಪ್ರೇಮ ಎಲ್ಲವೂ ಕಥೆಯ ಒಳಗೆ ಬರಬೇಕು ಎನ್ನುವವರಿಗೆ ಅದೇ ಸರಿ; ಮೂರನೆಯ ಸಂಜೆ ಸಾಯಬಹುದಾದ ಪಾತ್ರದ ಬಗ್ಗೆ ಯಾರೂ ಹತ್ತು ಪುಟ ಬರೆಯುವುದಿಲ್ಲ. ಹೊಸ ನಿಯಮಗಳು ಆಟಗಾರನನ್ನು ಕಾಪಾಡುತ್ತವೆ ಕೂಡ. ಮಂಗಳೂರಿನಲ್ಲಿ ಒಮ್ಮೆ ನಾನು ಕುಳಿತ ಹಳೆಯ ಶೈಲಿಯ ಮೇಜಿನಲ್ಲಿ ಡಂಜನ್ ಮಾಸ್ಟರ್ ಯಾವ ಸುಳಿವೂ ಕೊಡದೆ, ನಾವು ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನೂ ಹೇಳದೆ, ಇಡೀ ತಂಡವನ್ನು ಒಂದೇ ಬೋನಿನಲ್ಲಿ ಕೊಂದು ಹಾಕಿದರು. ನಿಯಮ ಮೌನವಾಗಿರುವ ಕಡೆಯೆಲ್ಲ ಒಬ್ಬ ಮನುಷ್ಯನ ತೀರ್ಪು ನಡೆಯುತ್ತದೆ. ಆ ಮನುಷ್ಯ ನ್ಯಾಯವಂತನಲ್ಲದಿದ್ದರೆ ಹಳೆಯ ಆಟದಷ್ಟು ಬೇಸರದ್ದು ಬೇರೊಂದಿಲ್ಲ. ಅಪಾಯದ ಸುಳಿವನ್ನು ಮೊದಲೇ ಕೊಡುವ, ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರಿಸುವ ಡಂಜನ್ ಮಾಸ್ಟರ್ ಸಿಗದಿದ್ದರೆ ಐದನೇ ಆವೃತ್ತಿಯಲ್ಲೇ ಮುಂದುವರಿಯಿರಿ ಎಂದು ನಾನು ಮನಸಾರೆ ಹೇಳುತ್ತೇನೆ.

ಸಿಕ್ಕರೆ, ಹಳೆಯ ಪುಸ್ತಕಕ್ಕಾಗಿ ದುಡ್ಡು ಸುರಿಯಬೇಕಾಗಿಲ್ಲ. ಅದೇ ಶೈಲಿಯನ್ನು ಹೊಸದಾಗಿ ಬರೆದ ಬೇಸಿಕ್ ಫ್ಯಾಂಟಸಿ ಪೂರ್ತಿ ಉಚಿತವಾಗಿ ಸಿಗುತ್ತದೆ; ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್‌ನ ಮೂಲ ನಿಯಮಗಳೂ ಉಚಿತ. ನಿಯಮ ಕಡಿಮೆಯಾದ್ದರಿಂದ ನಾವು ಸಾಮಾನಿನ ಪಟ್ಟಿಯನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿಕೊಂಡೆವು. ಮೇಜಿನ ಮಾತು ಕನ್ನಡ, ತುಳು ಎರಡರಲ್ಲೂ ಸರಾಗವಾಗಿ ನಡೆಯುತ್ತದೆ. ಪ್ರತಿಯೊಬ್ಬರೂ ಎರಡು ಮೂರು ಪಾತ್ರಗಳನ್ನು ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಿ, ಹಾಳೆಯನ್ನು ಮಗುಚಿಟ್ಟು ಆಡಿ, ಮತ್ತು ಒಂದೇ ಸಂಜೆಗೆ ನಿರ್ಧಾರ ಮಾಡದೆ ಕನಿಷ್ಠ ಮೂರು ಸಂಜೆಯಾದರೂ ಕುಳಿತುಕೊಳ್ಳಿ. ಐದನೇ ಆವೃತ್ತಿಯಿಂದ ಬಂದ ನಮ್ಮ ಗೆಳೆಯರು ಮೂವರೂ ಮೊದಲೆರಡು ಸಂಜೆ "ಯಾವ ದಾಳ ಉರುಳಿಸಲಿ?" ಎಂದೇ ಕೇಳುತ್ತಿದ್ದರು. ಮೂರನೆಯ ಸಂಜೆ ಅವರಲ್ಲೊಬ್ಬ, ನೆಲಕ್ಕೆ ನೀರು ಚೆಲ್ಲಿದರೆ ಎತ್ತ ಹರಿಯುತ್ತದೆ ಎಂದು ಕೇಳಿದ.