ಕಂಕುಳ ವಾಸನೆಗೆ ಚಿಕ್ಕ ಆಪರೇಷನ್: ಯಾವುದು ವಾಸಿ?

ಎಷ್ಟು ಸ್ನಾನ ಮಾಡಿದರೂ ಕಂಕುಳ ವಾಸನೆ ಹೋಗ್ತಿಲ್ಲ, ದೊಡ್ಡ ಗಾಯ ಆಗದ ಆಪರೇಷನ್‌ಗಳಲ್ಲಿ ಯಾವುದು ವಾಸಿ ಎಂದು ಕೇಳಿದ್ದೀರಿ. ನಾನು ಅದರಲ್ಲಿ ಒಂದನ್ನು ಮಾಡಿಸಿಕೊಂಡವನು. ಮಂಡ್ಯದಿಂದ ಮೈಸೂರಿಗೆ ದಿನಾ ರೈಲು. ಎಷ್ಟೇ ರಶ್ ಇದ್ದರೂ ಮೇಲಿನ ಹಿಡಿಗೆ ಕೈ ಎತ್ತುತ್ತಿರಲಿಲ್ಲ. ಡಿಯೋ ಹೊಡೆದರೆ ಮಲ್ಲಿಗೆ ಪಕ್ಕ ಈರುಳ್ಳಿ ಹೆಚ್ಚಿಟ್ಟ ಹಾಗೆ!

ಬರೀ ಬೆವರಿಗೆ ಅಷ್ಟು ವಾಸನೆ ಇಲ್ಲ. ಕಂಕುಳಲ್ಲಿ ಅಪೊಕ್ರೈನ್ ಅಂತ ಬೇರೆ ಗ್ರಂಥಿಗಳಿವೆ, ವಯಸ್ಸಿಗೆ ಬಂದಾಗ ಶುರುವಾಗುತ್ತವೆ. ಅವುಗಳ ರಸವನ್ನು ಚರ್ಮದ ಬ್ಯಾಕ್ಟೀರಿಯಾ ಒಡೆದಾಗ ನಾತ. ಅವು ಇರುವುದು ಚರ್ಮದ ಒಳಮೈ ಕೊಬ್ಬಿಗೆ ತಾಗುವ ಕಡೆ. ಹಾಗಾಗಿ ಬರೀ ಲೈಪೊಸಕ್ಷನ್, ಅಂದರೆ ನಳಿಗೆಯಿಂದ ಹೀರುವುದು, ಮಾಡಿದರೆ ಕೊಬ್ಬು ಬರುತ್ತೆ, ಚರ್ಮಕ್ಕೆ ಅಂಟಿದ ಗ್ರಂಥಿಗಳು ಅಲ್ಲೇ ಉಳಿಯುತ್ತವೆ. ಹೀರುವುದರ ಜೊತೆ ಕೆರೆಯಲೂ ಬೇಕು.

ನನಗೆ ಮಾಡಿದ್ದು ಅದೇ. ಒಂದೊಂದು ಕಂಕುಳಿಗೆ ಸೆಂಟಿಮೀಟರ್‌ಗಿಂತ ಚಿಕ್ಕ ಎರಡು ತೂತು. ಮರಗಟ್ಟಿಸುವ ಮದ್ದು ಬೆರೆಸಿದ ಸಲೈನ್ ತುಂಬಿ ಉಬ್ಬಿಸಿದರು. ನೋವಿರಲಿಲ್ಲ, ಆದರೆ ತೆಂಗಿನಕಾಯಿ ತುರಿದ ಹಾಗೆ ಸರ್ ಸರ್ ಸದ್ದು ಕೇಳಿಸುತ್ತಿತ್ತು. ಆಮೇಲೆ ಬಟ್ಟೆಯ ಉಂಡೆ ಒತ್ತಿಟ್ಟು ಮೇಲೆ ಹೊಲಿಗೆಯಿಂದ ಬಿಗಿದರು, ಚರ್ಮ ಮತ್ತೆ ಕೂತುಕೊಳ್ಳಲಿ ಅಂತ. ಕೈ ಎತ್ತಬಾರದು. ನಮ್ಮವ್ವ ನನಗೆ ತಲೆ ಬಾಚುತ್ತಿದ್ದರು. ಮೂರನೇ ದಿನ ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಿದೆ, ಎಡಗಡೆ ರಕ್ತ ಕಟ್ಟಿತು, ತೆಗೆಸಬೇಕಾಯಿತು. ತಪ್ಪು ನನ್ನದೇ. ನಾಲ್ಕು ವರ್ಷವಾಯಿತು, ಬೆವರು ಬರುತ್ತೆ, ನಾತ ಇಲ್ಲ. ಬಿಸಿಲಲ್ಲಿ ತುಂಬಾ ಹೊತ್ತು ನಿಂತರೆ ಎಡಗಡೆ ಕೊಂಚ.

ಲೇಸರ್‌ನಲ್ಲಿ ಸೂಜಿಯಷ್ಟು ತೂತಿನಿಂದ ತಂತಿ ತೂರಿಸಿ ಗ್ರಂಥಿಗಳನ್ನು ಸುಡುತ್ತಾರೆ. ಬೇಗ ಕೆಲಸಕ್ಕೆ ಹೋಗಬಹುದು, ಆದರೆ ಸುಡದೆ ಉಳಿದರೆ ವಾಸನೆ ವಾಪಸ್, ಜಾಸ್ತಿ ಸುಟ್ಟರೆ ಚರ್ಮ ಹಾಳು. ಮೈಕ್ರೋವೇವ್‌ಗೆ ಕತ್ತರಿಯೇ ಇಲ್ಲ, ಹೊರಗಿಂದಲೇ ಕಾವು. ಅಮೆರಿಕದಲ್ಲಿ 2011ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಅತಿ ಬೆವರಿಗೆ. ಕೆಲವು ದಿನ ಊತ, ಜೋಮು ಇರುತ್ತೆ, ಜೇಬಿಗೂ ಭಾರ. ಬೊಟಾಕ್ಸ್ ಬರೀ ಇಂಜೆಕ್ಷನ್, ಆಪರೇಷನ್ನೇ ಅಲ್ಲ, ಕೆಲವು ತಿಂಗಳ ಮಾತು. ಎದೆಯೊಳಗಿನ ನರ ಕತ್ತರಿಸೋಣ ಎಂದು ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ. ಅದು ಬೆವರಿಗೆ ಮಾಡುವುದು, ಆಮೇಲೆ ಬೆನ್ನು, ಹೊಟ್ಟೆ ಬೆವರೋದು ಶುರುವಾಗಬಹುದು.

ವಾಸನೆ ಜೋರಾಗಿದ್ದರೆ ನಾನು ಈಗಲೂ ಹೀರಿ ಕೆರೆಯುವುದನ್ನೇ ಆರಿಸುತ್ತೇನೆ. ಆದರೆ ಕಮ್ಮಿ ಕೆರೆದರೆ ವಾಸನೆ ಉಳಿಯುತ್ತೆ, ಜಾಸ್ತಿ ಕೆರೆದರೆ ಮೇಲಿನ ಚರ್ಮ ಕಪ್ಪಾಗಿ ಸಾಯುತ್ತೆ. ಎಲ್ಲಾ ಕೈಗುಣದ ಮೇಲೆ. ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ಜನಕ್ಕೆ ಚರ್ಮ ಕಪ್ಪಾಯಿತು ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಅದಕ್ಕೂ ಮೊದಲು ಕೂದಲು ತೆಗೆದು, ಚರ್ಮದ ಡಾಕ್ಟರ್ ಹೇಳಿದ ಹಾಗೆ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್ ವಾಶ್ ಎರಡು ತಿಂಗಳು ಹಚ್ಚಿ ನೋಡಿ. ನನ್ನ ಗೆಳೆಯನಿಗೆ ಅಷ್ಟರಲ್ಲೇ ಮುಗಿಯಿತು.

ಮಾಡಿಸುವುದೇ ಆದರೆ ಬೇಸಿಗೆ ಬೇಡ, ಪಟ್ಟಿಯೊಳಗೆ ಬೆವರಿ ಕಡಿತ ತಡೆಯೋಕಾಗಲ್ಲ. ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕು ಎತ್ತಿಟ್ಟುಕೊಳ್ಳಿ, ಬನಿಯನ್ ತಲೆ ಮೇಲಿಂದ ಹಾಕೋಕೆ ಆಗಲ್ಲ.