ಭೀಮರಾಜ ಕಲಿಯುತ್ತದೆ, ಕೋಗಿಲೆ ಕಲಿಯುವುದಿಲ್ಲ

ಕಾಗೆ ಗೂಡಲ್ಲಿ ಬೆಳೆದ ಕೋಗಿಲೆ ‘ಕುಹೂ’ ಎಂದೇ ಕೂಗುತ್ತದೆ, ಶಿರಸಿಯ ನಿಮ್ಮ ತೋಟದ ಭೀಮರಾಜ ಹಕ್ಕಿ ಮಾತ್ರ ಬೇರೆ ಹಕ್ಕಿಗಳ ದನಿ ತೆಗೆಯುತ್ತದೆ, ಯಾಕೆ ಅಂತ ಕೇಳಿದ್ದೀರಿ. ಕೋಗಿಲೆಗೆ ಕೂಗು ಹುಟ್ಟಿನಿಂದಲೇ ಬಂದದ್ದು. ಭೀಮರಾಜ ಕೇಳಿ ಕಲಿಯುವ ಜಾತಿ, ನಮ್ಮ ಹಾಗೆ.

ಭೀಮರಾಜದಂಥ ಹಾಡುಹಕ್ಕಿಯ ಮರಿ ಮೊದಲು ಸುಮ್ನೆ ಗೊಣಗುತ್ತದೆ, ತನ್ನ ದನಿ ತಾನೇ ಕೇಳಿ ತಿದ್ದಿಕೊಳ್ಳುತ್ತದೆ. 1965ರಲ್ಲಿ ವಿಜ್ಞಾನಿ ಮಸಕಾಜು ಕೊನಿಶಿ ಇದನ್ನು ತೋರಿಸಿದರು. ದೊಡ್ಡವುಗಳ ಹಾಡು ಮೊದಲೇ ಕೇಳಿದ್ದರೂ, ತಾನು ಹಾಡುವ ಮುಂಚೆ ಕಿವುಡಾದ ಅಮೆರಿಕದ ಗುಬ್ಬಿಗೆ ಸರಿಯಾದ ಹಾಡು ಬರಲೇ ಇಲ್ಲ. ಪಾಪ ಅನಿಸುತ್ತದೆ, ಅಲ್ವಾ?

ನಮ್ಮನೆಯ ಏಳು ತಿಂಗಳ ಕೂಸು ಈಗ ಜಗಲಿಯಲ್ಲಿ ಮಲಗಿ ‘ಬಬಬ, ದದದ’ ಅನ್ನುತ್ತಿದೆ. ಅದೂ ಇದೇ ಅಭ್ಯಾಸ. ದನಿ ಹುಟ್ಟುವ ಜಾಗ ಮಾತ್ರ ಬೇರೆ. ನಮಗೆ ಗಂಟಲಲ್ಲಿ, ಹಕ್ಕಿಗೆ ಇನ್ನೂ ಕೆಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ.