ಕವಾಸಾಕಿ ಆದ ಮಗುವಿಗೆ ಆಂಟಿಆಕ್ಸಿಡೆಂಟ್ ಸಿರಪ್ ಬೇಕಾ?

ಪ್ರಶ್ನೆ: ನಮ್ಮದು ಸುರಪುರ ಹತ್ತಿರದ ಹಳ್ಳಿ. ಮಗನಿಗೆ ಒಂದೂವರೆ ವರ್ಷ. ಹೋದ ತಿಂಗಳು ಆರು ದಿನ ಜ್ವರ ಇಳಿಯಲೇ ಇಲ್ಲ. ಕಣ್ಣು ಕೆಂಪಾಗಿ ತುಟಿ ಒಡೆದಿತ್ತು. ಬಿಸಿಲಿಗೆ ಉಷ್ಣ ಆಗಿದೆ ಅಂದರು ಮನೆಯಲ್ಲಿ. ಕಲಬುರಗಿಗೆ ಹೋದಾಗ ಕವಾಸಾಕಿ ಕಾಯಿಲೆ ಎಂದು ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಹಾಕಿದರು. ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್ ಬಂತು. ಈಗ ಆಸ್ಪಿರಿನ್ ನಡೆದಿದೆ. ಈ ರೋಗದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ರಕ್ತನಾಳ ಹಾಳಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಆಂಟಿಆಕ್ಸಿಡೆಂಟ್ ಸಿರಪ್ ಕೊಡಲಾ? ಮೆಡಿಕಲ್‌ನವರು ಒಳ್ಳೇದು ಅಂತಾರೆ.
– ಒಬ್ಬ ತಾಯಿ, ಯಾದಗಿರಿ ಜಿಲ್ಲೆ

ಉತ್ತರ: ಬೇಡ ತಾಯಿ. ಆ ದುಡ್ಡನ್ನು ಮುಂದಿನ ಎಕೋಗೆ ಎತ್ತಿಡಿ.

ನೀವು ಓದಿದ್ದೇನೂ ಸುಳ್ಳಲ್ಲ. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೇ ನುಗ್ಗುತ್ತವೆ. ಅದರಲ್ಲೂ ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳಗಳಿಗೆ. ರೋಗಾಣು ಕೊಲ್ಲಲು ಈ ಕಣಗಳು ಒಂದು ಬಗೆಯ ಉಗ್ರ ಆಮ್ಲಜನಕ ಬಿಡುತ್ತವೆ. ಇಲ್ಲಿ ಅದು ಗೋಡೆಗೇ ತಾಗುತ್ತದೆ. ನೀವು ಓದಿದ ಆಕ್ಸಿಡೇಟಿವ್ ಸ್ಟ್ರೆಸ್ ಇದೇ. ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ನುಂಗಿಬಿಡುತ್ತದೆ. ಒಳಪದರ ಕೆಟ್ಟು ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟಿಕೊಳ್ಳುತ್ತವೆ. ಜೊತೆಗೆ ಅದೇ ಬಿಳಿ ಕಣಗಳ ಕಿಣ್ವಗಳು ಗೋಡೆಯಲ್ಲಿರುವ ಎಲಾಸ್ಟಿನ್ ನಾರನ್ನು ಕತ್ತರಿಸುತ್ತವೆ. ನಾರು ಹೋದ ಕಡೆ ನಾಳ ಉಬ್ಬುತ್ತದೆ. ಡಾಕ್ಟರ್‌ಗಳು ಅನ್ಯೂರಿಸಂ ಅನ್ನುವುದು ಇದಕ್ಕೇ.

ಹಾಗಿದ್ದರೆ ಸಿರಪ್ ಯಾಕೆ ಬೇಡ? ಒಲೆ ಉರಿಯುತ್ತಿರುವಾಗ ಹೊಗೆಗೆ ಬೀಸಣಿಗೆ ಬೀಸಿದಂತೆ ಅದು. ಉರಿ ಆರಿಸುವ ಔಷಧ ನಿಮ್ಮ ಮಗನಿಗೆ ಆಗಲೇ ಬಿದ್ದಿದೆ. ಪ್ರತಿ ಕಿಲೋ ತೂಕಕ್ಕೆ 2 ಗ್ರಾಂ ಇಮ್ಯುನೊಗ್ಲಾಬ್ಯುಲಿನ್, 10ರಿಂದ 12 ಗಂಟೆ ಡ್ರಿಪ್ಪಿನಲ್ಲಿ. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಕರೋನರಿ ಕೆಡುತ್ತದೆ. ಜ್ವರ ಬಂದ 10 ದಿನದೊಳಗೆ ಇದನ್ನು ಕೊಟ್ಟರೆ ನೂರರಲ್ಲಿ ನಾಲ್ಕೈದಕ್ಕೆ ಇಳಿಯುತ್ತದೆ. ಉಷ್ಣ ಅಂತ ಸುಮ್ನೆ ಕೂರದೆ ಹೊರಟಿರಲ್ಲ, ಮಗುವಿನ ರಕ್ತನಾಳಕ್ಕೆ ನೀವು ಮಾಡಿದ ದೊಡ್ಡ ಉಪಕಾರ ಅದೇ. ವಿಟಮಿನ್ ಸಿರಪ್ ಈ ಉಬ್ಬನ್ನು ತಡೆಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಮೇಲಾಗಿ, ವಿಟಮಿನ್ ಇ ಜಾಸ್ತಿಯಾದರೆ ಆಸ್ಪಿರಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪುಂಡಿಪಲ್ಯ, ಪೇರಲ, ಮೊಸಂಬಿ ಮಗು ತಿಂದಷ್ಟು ತಿನ್ನಲಿ. ಅದು ಊಟ, ಔಷಧ ಅಲ್ಲ.

ಆಸ್ಪಿರಿನ್ ಮಾತ್ರ ಒಂದು ದಿನವೂ ತಪ್ಪಬಾರದು. ಎರಡು, ಮೂರನೇ ವಾರದಲ್ಲಿ ಪ್ಲೇಟ್‌ಲೆಟ್ ವಿಪರೀತ ಏರುತ್ತವೆ, ಅವು ಅಂಟಿ ಹೆಪ್ಪುಗಟ್ಟದಂತೆ ಆಸ್ಪಿರಿನ್ ತಡೆಯುತ್ತದೆ. ಮಗು ಆಡಿಕೊಂಡಿರುತ್ತದೆ, ಬೆರಳ ತುದಿಯಲ್ಲಿ ಉಗುರಿನ ಪಕ್ಕ ಚರ್ಮ ಸುಲಿಯುತ್ತಿರುತ್ತದೆ ಅಷ್ಟೆ. ಆ ಸುಲಿತಕ್ಕೆ ಹೆದರಬೇಡಿ. ವಾಸಿಯಾಯ್ತು ಅಂತ ಮಾತ್ರೆ ಬಿಡಲೂಬೇಡಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಕೊಡುತ್ತಾರೆ. ಕೊನೆಗೆ ಎಕೋ ನೋಡಿ ಡಾಕ್ಟರೇ ನಿಲ್ಲಿಸುತ್ತಾರೆ. ಮೊದಲ ಎಕೋ ನಾರ್ಮಲ್ ಬಂದರೂ ಮುಂದಿನದು ಬೇಕೇ ಬೇಕು. ಉಬ್ಬು ತಡವಾಗಿಯೂ ಬರಬಹುದು. ಅದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ, ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಮಕ್ಕಳ ಕರೋನರಿ ಅಳೆದು ಬರೆಯುವವರಿದ್ದಾರಾ ಅಂತ ಮೊದಲೇ ಕೇಳಿಕೊಂಡು ಹೋಗಿ.

ನೀವು ಕೇಳದ ಒಂದು ವಿಷಯ. ಈ ವಯಸ್ಸಿಗೆ ಅಂಗನವಾಡಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್‌ಗೆ ಕರೆಯುತ್ತಾರೆ. ಇಮ್ಯುನೊಗ್ಲಾಬ್ಯುಲಿನ್ ಆದಮೇಲೆ ಅದನ್ನು 11 ತಿಂಗಳು ಮುಂದೂಡಬೇಕು, ಇಲ್ಲದಿದ್ದರೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆಶಾ ಅಕ್ಕನಿಗೆ ಡಿಸ್ಚಾರ್ಜ್ ಕಾಗದ ತೋರಿಸಿ. ಊರಲ್ಲಿ ದಡಾರ ಹಬ್ಬಿದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಡಿಪಿಟಿ, ಪೋಲಿಯೊಗೆ ಈ ಅಡ್ಡಿಯಿಲ್ಲ.

ಆಸ್ಪಿರಿನ್ ಮುಗಿಯುವ ತನಕ ಜ್ವರಕ್ಕೆ ನೀವಾಗಿಯೇ ಐಬುಪ್ರೊಫೆನ್ ಸಿರಪ್ ತರಬೇಡಿ, ಅದು ಆಸ್ಪಿರಿನ್ ಕೆಲಸವನ್ನು ಕೆಡಿಸುತ್ತದೆ. ಜ್ವರ ಮತ್ತೆ ಬಂದರೆ, ಮನೆಯಲ್ಲಿ ಯಾರಿಗಾದರೂ ಸಿಡುಬಿನಂಥ ನೀರುಗುಳ್ಳೆ ಎದ್ದರೆ ಅಥವಾ ಫ್ಲೂ ಬಂದರೆ, ಮುಂದಿನ ಮಾತ್ರೆ ಕೊಡುವ ಮೊದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.